ಹೈಸ್ಕೂಲ್ ಗಣಿತಕ್ಕೆ ಜಿಯೋಜೀಬ್ರಾ: ವರ್ಷಗಳ ಬಳಕೆಯ ನಂತರ

ಜಿಯೋಜೀಬ್ರಾ ಎಂದರೆ ಜ್ಯಾಮಿತಿಯ ಚಿತ್ರ, ನಕ್ಷೆಗಳನ್ನು ಪರದೆಯ ಮೇಲೆ ಬರೆದು ಎಳೆದಾಡಬಹುದಾದ ತಂತ್ರಾಂಶ. ಉಡುಪಿ ಕಡೆಯ ಶಾಲೆಗಾದರೆ ಮೊದಲ ಮಾತು: ಬ್ರೌಸರ್ ನೆಚ್ಚಿಕೊಳ್ಳಬೇಡಿ, ಅದರ 'ಕ್ಲಾಸಿಕ್ 5' ಆವೃತ್ತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಇಟ್ಟುಕೊಳ್ಳಿ. ಒಮ್ಮೆ ಹಾಕಿದ ಮೇಲೆ ಇಂಟರ್ನೆಟ್ ಬೇಡ. ಜುಲೈ ಮಳೆಗೆ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಪಾಠ ನಡೆಯುತ್ತದೆ. ಹೆಬ್ರಿಯ ಆಚೆ ಘಟ್ಟದ ಬುಡದ ಶಾಲೆಗಳಿಗೆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಸಾಕು. ವ್ಯಾಪಾರೇತರ ಬಳಕೆಗೆ ಉಚಿತ.

ಇದರ ನಿಜವಾದ ಬೆಲೆ ಗೊತ್ತಾಗುವುದು ಬಿಂದುವನ್ನು ಹಿಡಿದು ಎಳೆದಾಗ. 10ನೇ ತರಗತಿಯ ಸ್ಪರ್ಶಕವನ್ನೇ (ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ) ತೆಗೆದುಕೊಳ್ಳಿ. ಮೂಲಬಿಂದು 'ಓ' ಕೇಂದ್ರವಾಗಿ 6 ತ್ರಿಜ್ಯದ ವೃತ್ತ ಹಾಕಿ, (10, 0)ರಲ್ಲಿ 'ಪಿ' ಇಡಿ. ಓ-ಪಿ ಮಧ್ಯಬಿಂದುವನ್ನು ಕೇಂದ್ರವಾಗಿಸಿ 'ಓ' ಮೂಲಕ ಹಾಯುವ ಇನ್ನೊಂದು ವೃತ್ತ ಹಾಕಿ, ಎರಡೂ ವೃತ್ತಗಳ ಛೇದನ ಬಿಂದುಗಳನ್ನು 'ಪಿ'ಗೆ ಸೇರಿಸಿ. ಎರಡೂ ಸ್ಪರ್ಶಕಗಳ ಉದ್ದ 8. 'ಪಿ'ಯನ್ನು ವೃತ್ತದ ಹೊರಗೆ ಎಲ್ಲಿಗೆ ಎಳೆದರೂ ಎರಡೂ ಉದ್ದ ಸಮವಾಗಿಯೇ ಇರುತ್ತವೆ. ವೃತ್ತದೊಳಗೆ ತಂದರೆ ಸ್ಪರ್ಶಕಗಳೇ ಮಾಯ. ಮಕ್ಕಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿ: ಛೇದನ ಬಿಂದು ತೆಗೆಯದೆ, ಕಣ್ಣಂದಾಜಿನಲ್ಲಿ ವೃತ್ತದ ಮೇಲೊಂದು ಬಿಂದು ಇಟ್ಟುಬಿಡುತ್ತಾರೆ. ನೋಡಲು ಸರಿಯೇ. 'ಪಿ' ಕದಲಿದ ಕೂಡಲೇ ಗೆರೆ ವೃತ್ತವನ್ನು ಸೀಳಿಕೊಂಡು ಹೋಗುತ್ತದೆ. ಕಾಗದದ ಮೇಲೆ ಈ ಕಳ್ಳತನ ಹಿಡಿಯುವುದು ಕಷ್ಟ. ಆದರೆ ಎಳೆದು ನೋಡಿದ್ದು ಪುರಾವೆಯಲ್ಲ, ಪ್ರಮೇಯದ ಸಾಧನೆಯನ್ನು ಬರೆಯಿಸಲೇಬೇಕು.

ವರ್ಗ ಸಮೀಕರಣದ (y = ax² + bx + c) ನಕ್ಷೆಗೆ ಎ, ಬಿ, ಸಿ ಮೂರು ಸ್ಲೈಡರ್ (ಸರಿಸಿದರೆ ಬೆಲೆ ಬದಲಾಗುವ ಗುಂಡಿ). 'ಎ' ಸೊನ್ನೆಯಾದಾಗ ಪರವಲಯ ನೇರ ಗೆರೆಯಾಗುವುದನ್ನು ಎಲ್ಲರೂ ತೋರಿಸುತ್ತಾರೆ. ಅದಕ್ಕಿಂತ ಸೊಗಸು 'ಬಿ'ಯದು. ಎ=1, ಸಿ=0 ಇಟ್ಟು, ಶೃಂಗಬಿಂದುವಿಗೆ (ಪರವಲಯ ತಿರುಗುವ ತುದಿ) ಟ್ರೇಸ್, ಅಂದರೆ ಹೋದ ದಾರಿಯ ಗುರುತು, ಹಾಕಿ 'ಬಿ'ಯನ್ನು ಮಾತ್ರ ಸರಿಸಿ. ಶೃಂಗ ಎಡಕ್ಕೋ ಬಲಕ್ಕೋ ಹೋಗುತ್ತದೆ ಎಂದುಕೊಂಡವರ ಮುಂದೆ ಅದು ತಲೆಕೆಳಗಾದ ಇನ್ನೊಂದು ಪರವಲಯವನ್ನೇ ಬರೆಯುತ್ತದೆ. ಏಕೆಂದು ಹುಡುಕುವುದರಲ್ಲಿ ಒಂದು ಪೀರಿಯಡ್ ಮುಗಿಯುತ್ತದೆ, ಮುಗಿಯಲಿ.

ತಲೆನೋವು ಎರಡು. ಸೈನ್ 30 ಎಂದು ಬರೆದರೆ 0.5 ಬರುವುದಿಲ್ಲ, -0.99 ಬರುತ್ತದೆ; ಡಿಗ್ರಿ ಚಿಹ್ನೆ ಇಲ್ಲದಿದ್ದರೆ ಅದು ರೇಡಿಯನ್, ಕೋನದ ಇನ್ನೊಂದು ಮಾನ. ಇನ್ನೊಂದು, ದಶಮಾಂಶ. ಮೊದಲಿಗೆ ಎರಡೇ ಸ್ಥಾನ ತೋರಿಸುವುದರಿಂದ 2, 3, 4 ಬಾಹುಗಳ ತ್ರಿಭುಜದಲ್ಲಿ ಕೋನಗಳು 28.96, 46.57, 104.48 ಎಂದು ಕಾಣುತ್ತವೆ. ಕೂಡಿದರೆ 180.01! ಪಾಠಕ್ಕೆ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಸ್ಥಾನ ಹೆಚ್ಚಿಸಿ, ಅಥವಾ ಹಾಗೆಯೇ ಬಿಟ್ಟು ದಶಮಾಂಶವನ್ನು ಹತ್ತಿರದ ಬೆಲೆಗೆ ಸರಿಸುವ (ರೌಂಡಿಂಗ್) ಪಾಠವನ್ನೇ ಮಾಡಿ.

ಮೊಬೈಲಿನಲ್ಲಿ ಆ್ಯಪ್ ಇದೆ, ಆದರೆ ಎಳೆಯಬೇಕಾದ ಬಿಂದುವನ್ನು ಬೆರಳೇ ಮುಚ್ಚುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಟ್ಯಾಬ್ ಅಥವಾ ಮೌಸ್ ಇರುವ ಹಳೆಯ ಕಂಪ್ಯೂಟರ್ ವಾಸಿ.