ಹಳೆಯ ಕಾಂಟೆಸ್ಸಾಗೆ ಇಂಜೆಕ್ಷನ್: ದಾವಣಗೆರೆಯ ಒಂದು ಗ್ಯಾರೇಜಿನ ಪಂಪು, ಫಿಲ್ಟರ್ ಕೆಲಸ

ನಮ್ಮ ತಂದೆಯವರು 1994ರಲ್ಲಿ ಕೊಂಡ ಕಾಂಟೆಸ್ಸಾ ಕ್ಲಾಸಿಕ್ 1.8 ಜಿಎಲ್‌ಎಕ್ಸ್ ಕಾರಿನ ಕಾರ್ಬೋರೇಟರ್ ತೆಗೆಸಿ, ಪೆಟ್ರೋಲನ್ನು ಒತ್ತಡದಿಂದ ಎಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಷನ್ ಹಾಕಿಸಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಈ ಕಾರಿನಲ್ಲಿರುವುದು 1817 ಸಿಸಿಯ ಇಸುಜು ಎಂಜಿನ್. ಇದೇ ಎಂಜಿನ್ ಅಂಬಾಸಿಡರ್‌ಗೂ ಬಂದು, ಮುಂದೆ ಎಂಪಿಎಫ್‌ಐ (ಮಲ್ಟಿಪಾಯಿಂಟ್ ಇಂಜೆಕ್ಷನ್) ರೂಪದಲ್ಲಿಯೂ ಮಾರಾಟವಾದ್ದರಿಂದ, ಗುಜರಿಗೆ ಹೋಗಿದ್ದ ಅಂಬಾಸಿಡರ್ ಒಂದರಿಂದ ಮ್ಯಾನಿಫೋಲ್ಡ್, ಇಂಜೆಕ್ಟರುಗಳು, ಅವನ್ನು ನಡೆಸುವ ಕಂಪ್ಯೂಟರ್ ಆದ ಇಸಿಯು, ವೈರಿಂಗ್ ಎಲ್ಲವೂ ಒಟ್ಟಿಗೆ ಸಿಕ್ಕವು. ಬಾನೆಟ್ಟಿನ ಒಳಗಿನ ಕೆಲಸ ಬೇರೊಂದು ಊರಿನಲ್ಲಿ ತಕ್ಕಮಟ್ಟಿಗೆ ಸರಿಯಾಗಿಯೇ ಆಯಿತು. ಎಡವಟ್ಟಾದದ್ದು ಹಿಂಬದಿಯಲ್ಲಿ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಹರಿದು ಬರುವ ದಾರಿಯಲ್ಲಿ. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟವರು ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯೊಂದರ ಸಣ್ಣ ಗ್ಯಾರೇಜಿನವರು. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಹೆಸರನ್ನು ಬರೆದಿಲ್ಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಚಿತ್ರದುರ್ಗದಿಂದ ಬರುತ್ತಿದ್ದಾಗ, ಭರಮಸಾಗರ ದಾಟುತ್ತಿದ್ದಂತೆ ಹಿಂದಿನ ಸೀಟಿನ ಕೆಳಗಿನಿಂದ ಕೊಯ್ಯೆನ್ನುವ ಸದ್ದು ಶುರುವಾಗಿ, ಪಿಕಪ್ ಇಳಿದು, ಒಂದೆರಡು ಕಿಲೋಮೀಟರಿನಲ್ಲಿ ಕಾರು ನಿಂತುಬಿಟ್ಟಿತು. ಅರ್ಧ ಗಂಟೆ ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಹೀಗೆ ಮೂರು ಸಲ ಆಯಿತು. ನೋಡಿದವರೆಲ್ಲ ಇಸಿಯು ಹೋಗಿದೆ ಎಂದರು. ಈ ಗ್ಯಾರೇಜಿನ ಮೇಸ್ತ್ರಿ ಮಾತ್ರ ಬಾನೆಟ್ ತೆರೆಯಲೇ ಇಲ್ಲ. ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದವರು, ಎರಡು ನಿಮಿಷಕ್ಕೆ ಹೊರಗೆ ಬಂದು, “ಪಂಪು ನೂಕಾಕೆ ಗಟ್ಟಿ ಸಾರ್, ಎಳೆಯಾಕೆ ಸೋಮಾರಿ. ಇದರ ಬಾಯಿಗೇ ಬಟ್ಟೆ ತುರುಕ್ಯಾರೆ” ಎಂದರು.

ಅವರ ಮಾತಿನ ಅರ್ಥ ಇಷ್ಟು. ಕಾರ್ಬೋರೇಟರಿಗೆ ಬೇಕಾದ ಒತ್ತಡ ಸುಮಾರು ಕಾಲು ಬಾರ್ (ಒಂದು ಬಾರ್ ಎಂದರೆ ಹೆಚ್ಚೂಕಡಿಮೆ ವಾತಾವರಣದ ಒತ್ತಡದಷ್ಟು). ಎಂಜಿನ್ನಿಗೆ ಅಂಟಿಕೊಂಡ ಡಯಾಫ್ರಾಮ್ ಪಂಪು ಟ್ಯಾಂಕಿನಿಂದ ಎಳೆದು ಅಷ್ಟನ್ನು ಕೊಡುತ್ತದೆ. ಮಲ್ಟಿಪಾಯಿಂಟ್ ಇಂಜೆಕ್ಷನ್ನಿಗೆ ಬೇಕಾದದ್ದು ಸುಮಾರು 3 ಬಾರ್. ಅದನ್ನು ಕೊಡುವ ಎಲೆಕ್ಟ್ರಿಕ್ ಪಂಪು ತನ್ನೊಳಗೆ ಹರಿಯುವ ಪೆಟ್ರೋಲಿನಿಂದಲೇ ತಂಪಾಗಬೇಕು, ಅದರ ಬಾಯಿಗೆ ಪೆಟ್ರೋಲ್ ಅಡೆತಡೆಯಿಲ್ಲದೆ ತಾನಾಗಿಯೇ ಬಂದು ಬೀಳಬೇಕು. ಬಾಯಿ ಕಟ್ಟಿದರೆ ಎಳೆತದ ಬದಿಯಲ್ಲಿ ಒತ್ತಡ ಕುಸಿದು, ಬಿಸಿ ಪೆಟ್ರೋಲ್ ಅಲ್ಲಿಯೇ ಆವಿಯಾಗಿ ಗುಳ್ಳೆಯೇಳುತ್ತದೆ. ಪಂಪು ಆ ಗುಳ್ಳೆಗಳನ್ನು ಅಗಿಯುತ್ತಾ ಕಾದು ಕೂಗುತ್ತದೆ. ಆದ್ದರಿಂದ ಪಂಪಿನ ಮುಂಚೆ ಸುಮಾರು 100 ಮೈಕ್ರಾನಿನ (ಮಿಲಿಮೀಟರಿನ ಹತ್ತನೇ ಒಂದು ಭಾಗದ) ಒರಟು ಜಾಲರಿ ಸಾಕು, 10 ಮೈಕ್ರಾನಿನ ಸೂಕ್ಷ್ಮ ಫಿಲ್ಟರ್ ಪಂಪು ಮತ್ತು ಇಂಜೆಕ್ಟರುಗಳ ನಡುವೆ ಕೂರಬೇಕು. ಹಿಂದಿನವರು ಕಾಗದದ ಸೂಕ್ಷ್ಮ ಫಿಲ್ಟರನ್ನೇ ಪಂಪಿನ ಮುಂಚೆ ಹಾಕಿದ್ದರು.

ಆ ಫಿಲ್ಟರನ್ನು ಮೇಸ್ತ್ರಿ ನನ್ನೆದುರಿಗೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಒಳಗಿನ ಕಾಗದವನ್ನು ಸ್ಟೀಲ್ ತಟ್ಟೆಯಲ್ಲಿ ಬಿಡಿಸಿ ತೋರಿಸಿದರು. ಮಡಿಕೆ ಮಡಿಕೆಯಲ್ಲಿಯೂ ಕೆಮ್ಮಣ್ಣಿನ ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಬೆರಳಿನಿಂದ ಉಜ್ಜಿದರೆ ಕುಂಕುಮದಂತೆ ಅಂಟುತ್ತಿತ್ತು. ಮೂವತ್ತು ವರ್ಷ ಹಳೆಯ ಟ್ಯಾಂಕಿನ ತುಕ್ಕು ಅದು. ಪಂಪು ಬದಲಿಸುವ ಮೊದಲು ಟ್ಯಾಂಕ್ ಇಳಿಸಿ ತೊಳೆಸಲೇಬೇಕೆಂದು ಅವರು ಹಟ ಹಿಡಿದರು, ನಾನು ಒಪ್ಪಿದೆ. ಕಾರ್ಬೋರೇಟರಿನ ಜೆಟ್ ಕಟ್ಟಿದರೆ ಬಿಚ್ಚಿ ಊದಿದರಾಯಿತು, ಇಂಜೆಕ್ಟರಿನ ರಂಧ್ರಕ್ಕೆ ಆ ಉಪಾಯ ನಡೆಯುವುದಿಲ್ಲ.

ಈ ಗ್ಯಾರೇಜಿನ ನಿಜವಾದ ಹೆಚ್ಚುಗಾರಿಕೆ ಕಂಡದ್ದು ಪಂಪಿನ ಜಾಗ ಆರಿಸುವುದರಲ್ಲಿ. ಹಳೆಯ ಪಂಪು ಟ್ಯಾಂಕಿನ ತಳಕ್ಕಿಂತ ಒಂದು ಗೇಣು ಮೇಲೆ, ಬಿಚ್ಚಿ ಜೋಡಿಸುವವನಿಗೆ ಅನುಕೂಲವಾದ ಕಡೆ ಕೂತಿತ್ತು. ಇವರು ಹೊಸದನ್ನು ಟ್ಯಾಂಕಿನ ಸಮೀಪಕ್ಕೆ, ಅದರ ತಳದ ಮಟ್ಟಕ್ಕೆ ಇಳಿಸಿ, ಸೈಲೆನ್ಸರ್ ಪೈಪಿನಿಂದ ದೂರವಿಟ್ಟು, ಕಲ್ಲು ಬಡಿಯದಂತೆ ತಗಡಿನ ಕವಚವನ್ನೂ ಕೊಟ್ಟರು. ಜೊತೆಗೆ ಒಂದೂವರೆ ಲೀಟರಿನ ಸಣ್ಣ ಸರ್ಜ್ ಟ್ಯಾಂಕ್ ಸೇರಿಸಿದರು. ಹಳೆಯ ಟ್ಯಾಂಕಿನ ಒಳಗೆ ಪೆಟ್ರೋಲ್ ಅಲುಗಾಡದಂತೆ ತಡೆಯುವ ಬಟ್ಟಲು ಇಲ್ಲದ ಕಾರಣ, ಕಾಲು ಟ್ಯಾಂಕಿಗಿಂತ ಕಡಿಮೆಯಿದ್ದಾಗ ಉದ್ದನೆಯ ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಬದಿಗೆ ಸರಿದು ಪಂಪು ಗಾಳಿ ಕುಡಿಯುತ್ತದೆ. ಕಾರ್ಬೋರೇಟರಿನಲ್ಲಾದರೆ ಫ್ಲೋಟ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆ ಹೊತ್ತನ್ನು ನಿಭಾಯಿಸುತ್ತಿತ್ತು, ಇಂಜೆಕ್ಷನ್ನಿನಲ್ಲಿ ಗುಳ್ಳೆ ಬಂದ ಕ್ಷಣವೇ ಮಿಸ್ಸಿಂಗ್. ಈಗ ಕಡಿಮೆ ಒತ್ತಡದ ಒಂದು ಪಂಪು ಸರ್ಜ್ ಟ್ಯಾಂಕನ್ನು ಸದಾ ತುಂಬಿಸುತ್ತಿರುತ್ತದೆ, ದೊಡ್ಡ ಪಂಪು ಅಲ್ಲಿಂದ ಎತ್ತಿಕೊಳ್ಳುತ್ತದೆ. ಎಂಜಿನ್ನಿನ ಮೇಲಿನ ಹಳೆಯ ಡಯಾಫ್ರಾಮ್ ಪಂಪಿನಿಂದಲೇ ಅದನ್ನು ತುಂಬಿಸಬಾರದೇಕೆ, ಒಂದು ಪಂಪಿನ ಖರ್ಚು ಉಳಿಯುತ್ತದಲ್ಲ ಎಂದು ನಾನು ಕೇಳಿದ್ದೆ. ನಮ್ಮ ಬೇಸಿಗೆಯಲ್ಲಿ ಬಾನೆಟ್ ಒಳಗೆ ಪೆಟ್ರೋಲ್ ನಿಲ್ಲಿಸುವುದೂ ಒಲೆಯ ಮೇಲೆ ಇಡುವುದೂ ಒಂದೇ ಎಂದು ಅವರು ನಿರಾಕರಿಸಿದ್ದು ಸರಿಯೇ ಆಗಿತ್ತು.

ಇನ್ನು ದೂರುಗಳು. ಮೊದಲನೆಯದು ರಿಟರ್ನ್ ಪೈಪಿನದು. ಈ ಎಂಜಿನ್ ಪೂರ್ತಿ ತುಳಿದಾಗಲೂ ಗಂಟೆಗೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಕೇಳುವುದಿಲ್ಲ. ಪಂಪು ನೂರು ಲೀಟರಿಗೂ ಮಿಕ್ಕಿ ನೂಕುತ್ತದೆ. ಉಳಿದದ್ದೆಲ್ಲ ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಮೂಲಕ ಹಿಂದಕ್ಕೆ ಹೋಗಬೇಕು. ಅದಕ್ಕೆ ಇವರು ಸಪೂರ ಪೈಪು ಎಳೆದಿದ್ದರಿಂದ, ಐಡ್ಲಿಂಗಿನಲ್ಲಿ (ಆಗ ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ರೆಗ್ಯುಲೇಟರ್ ಒತ್ತಡ ತಗ್ಗಿಸುತ್ತದೆ) ಸುಮಾರು 2.5 ಬಾರ್ ಇರಬೇಕಾದ ಗೇಜಿನ ಮುಳ್ಳು 3.6ರಲ್ಲಿ ನಿಂತಿತ್ತು, ಪೆಟ್ರೋಲ್ ಹೆಚ್ಚಾಗಿ ಸೈಲೆನ್ಸರ್ ಬಾಯಿ ಮಸಿಗಟ್ಟುತ್ತಿತ್ತು. ಗೇಜ್ ಹಾಕಿ ನೋಡಿ ಎಂದು ನಾನೇ ಹೇಳಬೇಕಾಯಿತು. ಮರುದಿನ 8 ಮಿಲಿಮೀಟರ್ ಪೈಪು ಹಾಕಿದ ಮೇಲೆ ಮುಳ್ಳು ಸರಿಯಾದ ಜಾಗಕ್ಕೆ ಇಳಿಯಿತು.

ಎರಡನೆಯದನ್ನು ನಾನು ಅಷ್ಟು ಸುಲಭವಾಗಿ ಮನ್ನಿಸಲಾರೆ. ಒತ್ತಡದ ಬದಿಯ ಎರಡು ಕಡೆ ಸಾಧಾರಣ ಹೋಸ್ ಹಾಕಿ, ನೀರಿನ ಪೈಪಿಗೆ ಬಳಸುವ ಸ್ಕ್ರೂ ಕ್ಲಿಪ್ ಬಿಗಿದಿದ್ದರು. ಮೂರನೆಯ ದಿನ ಬೆಳಗ್ಗೆ ಮನೆಯ ಪೋರ್ಟಿಕೋದಲ್ಲಿ ಪೆಟ್ರೋಲ್ ವಾಸನೆ. ಬಗ್ಗಿ ನೋಡಿದರೆ ಕ್ಲಿಪ್ಪಿನ ಸೀಳುಗಳು ರಬ್ಬರನ್ನು ಕಚ್ಚಿ ಹರಿದಿದ್ದವು, ಹೋಸಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. 3 ಬಾರಿನ ಪೆಟ್ರೋಲಿಗೆ ಎಸ್‌ಎಇ ಜೆ30 ಆರ್9 ಗುರುತಿನ (ಇಂಜೆಕ್ಷನ್ನಿನ ಒತ್ತಡ ತಾಳುವ) ಹೋಸ್, ಸುತ್ತಲೂ ಸಮನಾಗಿ ಹಿಡಿಯುವ ಇಂಜೆಕ್ಷನ್ ಕ್ಲಿಪ್ ಬೇಕು. ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲಂತೂ, ಎಥನಾಲ್ ಹಳೆಯ ಬಗೆಯ ರಬ್ಬರನ್ನು ಬೇಗ ಹಾಳುಮಾಡುವುದರಿಂದ, ಅಂಗಡಿಯಲ್ಲಿ ಸಿಕ್ಕ ಹೋಸನ್ನೇ ಹಾಕುವ ಕಾಲ ಇದಲ್ಲ. ಹಣ ಕೇಳದೆ ಎಲ್ಲವನ್ನೂ ಬದಲಿಸಿದರು ನಿಜ, ಆದರೆ ಇದು ಬೆಂಕಿಯ ವಿಷಯ.

ವಿದ್ಯುತ್ತಿನ ಕೆಲಸ ಅಚ್ಚುಕಟ್ಟಾಗಿದೆ. ಹಿಂದಿನವರು ಪಂಪಿಗೆ ಇಗ್ನಿಷನ್ ಸ್ವಿಚ್ಚಿನಿಂದಲೇ ತಂತಿ ಎಳೆದಿದ್ದರಿಂದ ಪಂಪಿನ ಬಳಿ ಸಿಗುತ್ತಿದ್ದದ್ದು 10.9 ವೋಲ್ಟ್ ಮಾತ್ರ. ಬ್ಯಾಟರಿಯಿಂದ ದಪ್ಪ ತಂತಿ, ಫ್ಯೂಸ್, ರಿಲೇ ಹಾಕಿದ ಮೇಲೆ 13.4 ಬಂತು. ಎಂಜಿನ್ ತಿರುಗುವುದು ನಿಂತರೆ ಇಸಿಯು ರಿಲೇಯನ್ನು ಬಿಟ್ಟು ಪಂಪು ನಿಲ್ಲಿಸುತ್ತದೆ. ಅಪಘಾತವಾದರೆ ಪಂಪು ನಿಲ್ಲಿಸುವ ಇನರ್ಷಿಯಾ ಸ್ವಿಚ್ಚನ್ನು ಮಾತ್ರ ಕೇಳಿ ಹಾಕಿಸಿಕೊಳ್ಳಬೇಕಾಯಿತು.

ಆರು ದಿನ ಎಂದದ್ದು ಹದಿನೇಳು ದಿನವಾಯಿತು. ಕೂಲಿ 14,000 ರೂಪಾಯಿ ನನಗೆ ಹೆಚ್ಚೆನಿಸಲಿಲ್ಲ, ಆದರೆ ಬಿಲ್ಲಿನಲ್ಲಿ “ಪಂಪು ಸಾಮಾನು” ಎಂದು ಒಂದೇ ಸಾಲು ಬರೆದು ಮೊತ್ತ ಹಾಕಿದ್ದರು. ಯಾವ ಕಂಪನಿಯ ಪಂಪು, ಯಾವ ನಂಬರಿನ ಫಿಲ್ಟರ್ ಎಂದು ತಿಳಿಯಲು ಡಬ್ಬಿಗಳನ್ನು ಕೇಳಿ ತೆಗೆದುಕೊಂಡು ಬಂದೆ. ಮುಂದೆ ದಾರಿಯಲ್ಲಿ ಕೆಟ್ಟರೆ ಬೇಕಾಗುವುದು ಆ ನಂಬರುಗಳೇ. ಅಲ್ಲಿಗೆ ಹೋಗುವವರು ಹೋಸ್ ಮತ್ತು ಕ್ಲಿಪ್ಪುಗಳನ್ನು ತಾವೇ ಕೊಂಡೊಯ್ಯುವುದು ಒಳ್ಳೆಯದು.

ಹತ್ತು ತಿಂಗಳಲ್ಲಿ ಚಿತ್ರದುರ್ಗಕ್ಕೆ ಎಷ್ಟು ಸಲ ಹೋಗಿಬಂದೆನೋ ಲೆಕ್ಕವಿಲ್ಲ, ಮತ್ತೊಂದು ಏಪ್ರಿಲ್ ಬಿಸಿಲಿನಲ್ಲಿಯೂ ಕಾರು ನಿಲ್ಲಲಿಲ್ಲ. ಟ್ಯಾಂಕ್ ತೊಳೆದ ಮೇಲೂ ಉಳಿದ ತುಕ್ಕು ಬರುತ್ತದೆಂದು 500 ಕಿಲೋಮೀಟರಿಗೆ ಸೂಕ್ಷ್ಮ ಫಿಲ್ಟರ್ ಬದಲಿಸಿಕೊಟ್ಟರು. ಕೊಯ್ದು ನೋಡಿದಾಗ ಕಾಗದದ ತುದಿಗಳು ಮಾತ್ರ ನಸುಗೆಂಪಾಗಿದ್ದವು. ಸಿಗ್ನಲ್ಲಿನಲ್ಲಿ ನಿಂತಾಗ ಪಂಪಿನ ಗುಂಯ್‌ಗುಟ್ಟುವಿಕೆ ಇನ್ನೂ ಸಣ್ಣಗೆ ಕೇಳುತ್ತದೆ. ಬ್ರಾಕೆಟ್ಟಿಗೆ ಇನ್ನೂ ಮೆತ್ತನೆಯ ರಬ್ಬರ್ ಬುಷ್ ಹಾಕಿಕೊಡುವುದಾಗಿ ಮೇಸ್ತ್ರಿ ಹೇಳಿದ್ದಾರೆ, ಬರುವ ಸೋಮವಾರ ಕಾರು ಬಿಡಬೇಕು.