‘ಮನಿಕ್ಕಳ್ಳಿ ಬುಡು’ ಅಂತ ಬಿಟ್ಟು ಹೋಗಬೇಡಿ

ಮಂಡ್ಯದ ಹೊರವಲಯದ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಯುಗಾದಿ ಮಾರನೇ ದಿನದ ಹೊಸತೊಡಕಿನ ರಾತ್ರಿ ನಡೆದದ್ದು. ಬಾರಿನ ಹೆಸರು, ಆ ಮನುಷ್ಯನ ಹೆಸರು ಬೇಡ. ಮೂವರು ಗೆಳೆಯರು ಸಂಜೆ ಏಳೂವರೆಗೆ ಬಂದು ಕೂತರು. ಮನೆಯಲ್ಲಿ ಬಾಡೂಟ ಕಾಯ್ತಿದೆ ಅಂತ ತಿನ್ನೋಕೆ ಏನೂ ಹೇಳಲಿಲ್ಲ. ಕಡ್ಲೆಬೀಜ, ಸೌತೆಕಾಯಿ ಅಷ್ಟೇ. ಅವರಲ್ಲೊಬ್ಬ, ಸುಮಾರು ಅರವತ್ತು ಕೆಜಿ ತೂಕದ ಆಳು, ಹತ್ತೂಕಾಲರೊಳಗೆ ಎರಡು ಸ್ಟ್ರಾಂಗ್ ಬಿಯರ್, ಒಂದು ನೈಂಟಿ (90 ಮಿಲಿ ಮದ್ಯ) ಮುಗಿಸಿದ್ದ. ಲಾಸ್ಟ್ ಆರ್ಡರ್ ಅಂದಾಗ ಇನ್ನೊಂದು ನೈಂಟಿ ತರಿಸಿ, ನೀರು ಬೆರೆಸದೆ ರಾ ಎತ್ತಿದ. ಹತ್ತು ನಿಮಿಷಕ್ಕೆ ಟೇಬಲ್ ಮೇಲೆ ತಲೆ ಇಟ್ಟ.

ಗೆಳೆಯರು ಬಿಲ್ ಕೊಟ್ಟು, ಸಪ್ಲೈಯರ್ ಹುಡುಗನನ್ನೂ ಸೇರಿಸಿಕೊಂಡು ಕೈಕಾಲು ಹಿಡಿದು ಎತ್ತಿ, ಪಾರ್ಕಿಂಗ್ ಶೆಡ್ಡಿನ ಸಿಮೆಂಟ್ ಕಟ್ಟೆ ಮೇಲೆ ಅಂಗಾತ ಮಲಗಿಸಿದರು. ಹುಡುಗ ಏನೋ ಕೇಳಿದ್ದಕ್ಕೆ, “ಮನಿಕ್ಕಳ್ಳಿ ಬುಡ್ಲಾ, ಬೆಳಿಗ್ಗೆ ಎದ್ದೋಯ್ತಾನೆ” ಅಂದರು. ಶಟರ್ ಎಳೆದಾಯಿತು. ರಾತ್ರಿ ಒಂದರ ಹೊತ್ತಿಗೆ ಪಕ್ಕದ ಪೆಟ್ರೋಲ್ ಬಂಕಿನ ವಾಚ್‌ಮನ್ ಗೊರಗೊರ ಸದ್ದು ಕೇಳಿ ಟಾರ್ಚ್ ಬಿಟ್ಟು ನೋಡಿದರೆ ಬಾಯಿ ತುಂಬ ವಾಂತಿ, ತುಟಿ ನೀಲಿ. ಆಸ್ಪತ್ರೆಗೆ ಸೇರಿಸಿದರು, ಜೀವ ಉಳಿಯಿತು. ವಾಂತಿ ಶ್ವಾಸಕೋಶಕ್ಕೆ ಇಳಿದು ಸೋಂಕಾಗಿ ಒಂಬತ್ತು ದಿನ ಐಸಿಯುನಲ್ಲಿದ್ದ. ಆ ವಾಚ್‌ಮನ್ ಆ ಹೊತ್ತಿಗೆ ಎಚ್ಚರವಿರದಿದ್ದರೆ ಬೆಳಿಗ್ಗೆ ಶಟರ್ ಎತ್ತಿದವರಿಗೆ ಹೆಣ ಸಿಗುತ್ತಿತ್ತು.

ಇಲ್ಲಿ ಯಾರೂ ಕೆಟ್ಟವರಲ್ಲ. ಕುಡಿದು ಮಲಗಿದವನಿಗೆ ನಿದ್ದೆಯೇ ಮದ್ದು ಅಂತ ಮೈಸೂರು, ಮಂಡ್ಯ ಕಡೆ ಎಲ್ಲರೂ ನಂಬಿದ್ದಾರೆ. ಬಾರಿನಲ್ಲಿ ಹತ್ತಾರು ವರ್ಷ ಕೆಲಸ ಮಾಡಿದವರೂ ನಂಬಿದ್ದಾರೆ. ಆ ನಂಬಿಕೆ ಎಲ್ಲಿ ಸುಳ್ಳಾಗುತ್ತದೆ ಅನ್ನೋದನ್ನ ಲೆಕ್ಕ ಹಾಕಿಯೇ ನೋಡಬೇಕು.

650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್ ಶೇ. 7ರದ್ದಾದರೆ ಅದರಲ್ಲಿರುವ ಶುದ್ಧ ಆಲ್ಕೋಹಾಲ್ ಸುಮಾರು 36 ಗ್ರಾಂ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತಿರುತ್ತದೆ, 180 ಮಿಲಿಯ ಕ್ವಾರ್ಟರಿನಲ್ಲಿ ಸುಮಾರು 61 ಗ್ರಾಂ. ಅಂದರೆ ‘ಬಿಯರ್ ತಾನೆ’ ಅನ್ನುವ ಎರಡು ಸ್ಟ್ರಾಂಗ್ ಬಾಟಲಿ ಒಂದು ಕ್ವಾರ್ಟರನ್ನೂ ಮೀರಿಸುತ್ತದೆ. ಈ ಮನುಷ್ಯನ ಹೊಟ್ಟೆಗೆ ಮೂರು ಗಂಟೆಯಲ್ಲಿ ಸೇರಿದ್ದು 130 ಗ್ರಾಂಗೂ ಮೇಲೆ. ಯಕೃತ್ತು ಗಂಟೆಗೆ ಏಳರಿಂದ ಹತ್ತು ಗ್ರಾಂ ಅಷ್ಟೇ ಕರಗಿಸಬಲ್ಲದು. ಕಳೆದು ನೋಡಿದರೆ 100 ಮಿಲಿ ರಕ್ತಕ್ಕೆ ಸುಮಾರು 250 ಮಿಲಿಗ್ರಾಂ ಆಗುತ್ತದೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 30. ಇಳಿಯುವುದು ಗಂಟೆಗೆ ಸುಮಾರು 15ರಂತೆ. ಬೆಳಿಗ್ಗೆ ಎಂಟಕ್ಕೆ ಎದ್ದಿದ್ದರೂ ರಕ್ತದಲ್ಲಿ ನೂರಕ್ಕೆ ಮೇಲೆ ಉಳಿದಿರುತ್ತಿತ್ತು. ಬೆಳಿಗ್ಗೆ ಎದ್ದು ಬೈಕ್ ಹತ್ತಿ ಹೋಗುವವನೂ ಕುಡಿದೇ ಗಾಡಿ ಓಡಿಸುತ್ತಿರುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ಆ ಕೊನೆಯ ನೈಂಟಿ. ಕುಡಿದದ್ದು ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಹತ್ತೂಮುಕ್ಕಾಲಿಗೆ ಅವನನ್ನು ಕಟ್ಟೆ ಮೇಲೆ ಮಲಗಿಸಿದಾಗ ಆ ನೈಂಟಿಯಲ್ಲಿ ಬಹುಪಾಲು ಇನ್ನೂ ಹೊಟ್ಟೆಯಲ್ಲೇ ಇತ್ತು. ನೋಡಿದವರಿಗೆ ನಿದ್ದೆ ಹೋದ ಹಾಗೆ ಕಂಡ; ಒಳಗೆ ಅಮಲು ಏರುತ್ತಲೇ ಇತ್ತು. ಅಮಲು ಏರಿದಂತೆ ಕೆಮ್ಮಿ ಉಗುಳುವ, ಓಕರಿಸುವ ಶಕ್ತಿ ಕುಂದುತ್ತದೆ. ಎಚ್ಚರವಿದ್ದವನಿಗೆ ವಾಂತಿ ಬಂದರೆ ಎದ್ದು ಬಗ್ಗುತ್ತಾನೆ. ಅಂಗಾತ ಮಲಗಿ ಪ್ರಜ್ಞೆ ತಪ್ಪಿದವನಿಗೆ ಬಂದದ್ದು ಗಂಟಲಲ್ಲೇ ನಿಂತು, ಉಸಿರೆಳೆದಾಗ ಕೆಳಗಿಳಿಯುತ್ತದೆ.

ಹಾಗಾಗಿ ಯಾರಾದರೂ ತಲೆ ಇಟ್ಟ ತಕ್ಷಣ ಮೊದಲು ನೋಡಬೇಕಾದ್ದು ಇದು ನಿದ್ದೆಯೋ, ಪ್ರಜ್ಞೆ ತಪ್ಪಿದ್ದೋ ಅಂತ. ಕಿವಿ ಹತ್ತಿರ ಜೋರಾಗಿ ಹೆಸರು ಕೂಗಿ, ಎರಡೂ ಭುಜ ಅಲುಗಾಡಿಸಿ. ಏಳದಿದ್ದರೆ ಕತ್ತು, ಭುಜ ಸೇರುವ ಜಾಗದ ಮಾಂಸವನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಬಲವಾಗಿ ಹಿಂಡಿ. ಬೈದುಕೊಂಡು ಕಣ್ಣು ಬಿಟ್ಟರೆ, ಕೈ ತಳ್ಳಿದರೆ ಸ್ವಲ್ಪ ನಿರಾಳ. ಬರೀ ನರಳಿದರೆ, ಅಥವಾ ಏನೂ ಇಲ್ಲದಿದ್ದರೆ ಅದು ನಿದ್ದೆಯಲ್ಲ, 108 ಆಂಬುಲೆನ್ಸಿಗೆ ಫೋನ್ ಮಾಡಿ. ಕೆನ್ನೆಗೆ ಹೊಡೆಯಬೇಡಿ; ತಲೆ ಕುಲುಕಿದರೆ ಒಳಗೆ ಪೆಟ್ಟಿದ್ದರೆ ಹೆಚ್ಚಾಗುತ್ತದೆ. ಆಮೇಲೆ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಒಂದು ಉಸಿರಿಗೂ ಮುಂದಿನದಕ್ಕೂ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು, ಗೊರಗೊರ ಸದ್ದು, ನೀಲಿ ತುಟಿ ಅಥವಾ ಉಗುರು, ತಣ್ಣಗೆ ಒದ್ದೆಯಾದ ಮೈ, ಫಿಟ್ಸ್: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಗೊರಕೆ ಹೊಡೀತಾವ್ನೆ ಅಂತ ಸಮಾಧಾನ ಪಡುವವರೇ ಜಾಸ್ತಿ. ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಅರ್ಧ ಮುಚ್ಚಿದಾಗಲೂ ಅದೇ ಗೊರಕೆ ಬರುತ್ತದೆ.

ಮಲಗಿಸುವ ಕ್ರಮವನ್ನು ಪ್ರತಿ ಬಾರಿನ ಹುಡುಗರೂ ಒಬ್ಬರ ಮೇಲೊಬ್ಬರು ಮಾಡಿ ಕಲಿಯಬೇಕು, ಎರಡು ನಿಮಿಷದ ಕೆಲಸ. ಅವನ ಬಲಗಡೆ ಮಂಡಿಯೂರಿ ಕೂರಿ. ಜೇಬಿನ ಕೀ, ಫೋನ್ ತೆಗೆದು ಬೆಲ್ಟ್, ಕಾಲರ್ ಸಡಿಲಿಸಿ. ನಿಮ್ಮ ಕಡೆಯ ಕೈಯನ್ನು ಮೈಯಿಂದ ನೇರ ಹೊರಕ್ಕೆ ಚಾಚಿ, ಮೊಣಕೈ ಮಡಿಸಿ, ಅಂಗೈ ಮೇಲಕ್ಕಿರುವಂತೆ ಇಡಿ. ಆಚೆ ಕಡೆಯ ಕೈಯನ್ನು ಎದೆಯ ಮೇಲಿಂದ ತಂದು, ಅದರ ಹಿಂಗೈ ನಿಮ್ಮ ಕಡೆಯ ಕೆನ್ನೆಗೆ ತಾಗುವಂತೆ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಆಚೆ ಕಡೆಯ ಮಂಡಿ ಮೇಲಕ್ಕೆತ್ತಿ, ಪಾದ ನೆಲಕ್ಕೂರಿಸಿ, ಆ ಮಂಡಿಯನ್ನೇ ನಿಮ್ಮ ಕಡೆ ಎಳೆಯಿರಿ. ಎಂಬತ್ತು ಕೆಜಿಯ ಆಳಾದರೂ ಸಲೀಸಾಗಿ ಹೊರಳುತ್ತಾನೆ. ಮೇಲಿನ ಕಾಲು ಸೊಂಟದಲ್ಲೂ ಮಂಡಿಯಲ್ಲೂ ಮಡಿಸಿರಲಿ, ಇಲ್ಲದಿದ್ದರೆ ಮತ್ತೆ ಅಂಗಾತ ಬೀಳುತ್ತಾನೆ. ಕೊನೆಗೆ ಗಲ್ಲ ಎತ್ತಿ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆ ತಿರುಗಿರಲಿ. ವಾಂತಿ ಬಂದರೆ ಹೊರಗೆ ಹರಿಯುತ್ತದೆ. ಕುರ್ಚಿಯಲ್ಲಿ ಗಲ್ಲ ಎದೆಗೆ ತಾಗುವಂತೆ ಕೂರಿಸಿ ಬಿಡುವುದು ಅಂಗಾತ ಮಲಗಿಸಿದಷ್ಟೇ ಅಪಾಯ. ಎತ್ತರದ ಕಟ್ಟೆ, ಬೆಂಚು ಬೇಡ, ನೆಲವೇ ಸರಿ. ಕೆಳಗೊಂದು ರಗ್ಗು ಹಾಸಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಉಸಿರೇ ನಿಂತರೆ ಅಂಗಾತ ಹೊರಳಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ, ಆಂಬುಲೆನ್ಸ್ ಬರುವವರೆಗೆ.

ನಿಂಬೆಹುಳಿ, ಮಜ್ಜಿಗೆ, ಕಾಫಿ ಯಾವುದೂ ಅಮಲು ಇಳಿಸುವುದಿಲ್ಲ. ಪೂರ್ತಿ ಎಚ್ಚರವಿಲ್ಲದವನ ಬಾಯಿಗೆ ಹುಯ್ದರೆ ಅದೇ ಶ್ವಾಸಕೋಶಕ್ಕಿಳಿಯುತ್ತದೆ. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ತಣ್ಣೀರು ಸುರಿಯಬೇಡಿ, ಅಮಲಿನಲ್ಲಿ ಮೈ ಮೊದಲೇ ಶಾಖ ಕಳೆದುಕೊಳ್ಳುತ್ತಿರುತ್ತದೆ.

ಕುಡಿತವೇ ಅಲ್ಲದ್ದು ಕುಡಿತದ ಹಾಗೆ ಕಾಣುವುದೂ ಉಂಟು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದರೆ, ಯಕೃತ್ತು ಸಕ್ಕರೆ ಬಿಡುವುದನ್ನು ಆಲ್ಕೋಹಾಲ್ ತಡೆಯುತ್ತದೆ. ಬೆವರು, ನಡುಕ, ತೊದಲು ಬಂದು ಕುಸಿಯುತ್ತಾರೆ. ಎಚ್ಚರವಿದ್ದು ನುಂಗುವಂತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಬೇಡ, 108 ಅಷ್ಟೇ. ಬಚ್ಚಲಲ್ಲಿ ಜಾರಿ ತಲೆ ಹೊಡೆದುಕೊಂಡವನು ಆಮೇಲೆ ‘ಔಟ್’ ಆಗಿದ್ದರೆ ಅದನ್ನು ಅಮಲಿನ ಲೆಕ್ಕಕ್ಕೆ ಬರೆಯಬೇಡಿ, ಮೆದುಳಲ್ಲಿ ರಕ್ತಸ್ರಾವ ಆಗಿರಬಹುದು. ಇನ್ನೊಂದು ನಮ್ಮ ಕಡೆಯ ಮನೆಗಳಲ್ಲಿ ನಡೆಯುವುದು: ಕುಡಿತ ಬಿಡಿಸುವ ಮಾತ್ರೆಯನ್ನು ಹೇಳದೆ ಸಾರಿಗೆ ಬೆರೆಸುವುದು. ಅದರಲ್ಲಿ ಡೈಸಲ್ಫಿರಾಂ ಇದ್ದರೆ ಒಂದೇ ಪೆಗ್ಗಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಅಮ್ಮಂದಿರೂ ಹೆಂಡತಿಯರೂ ಎಷ್ಟು ನೊಂದು ಹೀಗೆ ಮಾಡುತ್ತಾರೆ ಅನ್ನುವುದು ಗೊತ್ತು. ಆದರೂ ಕೈಮುಗಿದು ಹೇಳುತ್ತೇವೆ, ಡಾಕ್ಟರು ಹೇಳದೆ, ಕುಡಿಯುವವನಿಗೆ ತಿಳಿಸದೆ ಅದನ್ನು ಕೊಡಬೇಡಿ. ಒಂದೇ ಪೆಗ್ಗಿಗೆ ಹೀಗಾದವನನ್ನು ಬಾರಿನವರು ನಾಟಕ ಅಂದುಕೊಳ್ಳಬಾರದು.

ಇಷ್ಟಕ್ಕೆಲ್ಲ ಬರದಂತೆ ತಡೆಯುವ ಜಾಗ ಟೇಬಲ್ಲೇ. ಆ ರಾತ್ರಿ ಹತ್ತೂಕಾಲಿಗೆ ಆ ಮನುಷ್ಯ ಗ್ಲಾಸು ಇಡಲು ಟೇಬಲ್ಲಿನ ಅಂಚು ತಡಕುತ್ತಿದ್ದ, ಹೇಳಿದ್ದನ್ನೇ ಮೂರು ಸಲ ಹೇಳುತ್ತಿದ್ದ. ಅದು ನೈಂಟಿ ಕೊಡುವ ಹೊತ್ತಲ್ಲ. ಆದರೆ ನಮ್ಮ ಕಡೆ ಗಿರಾಕಿಗೆ “ನಿಮಗೆ ಜಾಸ್ತಿ ಆಗಿದೆ” ಅಂದರೆ ಕೆನ್ನೆಗೆ ಹೊಡೆದ ಹಾಗೆ. ಆ ಮಾತೇ ಬೇಡ. “ಅಣ್ಣ, ಮುದ್ದೆ ಬಿಸಿಯಾಗದೆ, ಹಾಕ್ಸಿಬುಡ್ಲಾ?” ಅಂತ ಊಟದ ಕಡೆ ತಿರುಗಿಸಿ. ಎದುರು ನಿಲ್ಲದೆ ಒಂದು ಕೈಯಳತೆ ದೂರದಲ್ಲಿ ಪಕ್ಕಕ್ಕೆ ನಿಂತು, ದನಿ ತಗ್ಗಿಸಿ ಮಾತಾಡಿ. ಭುಜದ ಮೇಲೆ ಕೈ ಹಾಕಬೇಡಿ. ಜಗಳ ಶುರುವಾಗುವುದೇ ಅಲ್ಲಿಂದ. ಖಾಲಿ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ನೀರಿನ ಜಗ್ ಇಡಿ. ಜೊತೆಯವರಲ್ಲಿ ಕಡಿಮೆ ಕುಡಿದವನನ್ನು ಕೈ ತೊಳೆಯುವ ಕಡೆ ಕರೆದು, “ನೀವು ಸ್ವಲ್ಪ ಹೇಳಿ ಅಣ್ಣ, ನಾವು ಹೇಳಿದ್ರೆ ಬೇಜಾರಾಯ್ತದೆ” ಅನ್ನಿ. ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಗಿರಾಕಿ ರೇಗಿದರೆ, ವಾದಕ್ಕೆ ಇಳಿಯುವ ಸಪ್ಲೈಯರನ್ನು ಹಿಂದಕ್ಕೆ ಕಳಿಸಿ, ವಯಸ್ಸಾದ ಕ್ಯಾಶಿಯರೋ ಕ್ಯಾಪ್ಟನ್ನೋ ಬಂದು “ಗೌಡ್ರೆ, ಬನ್ನಿ, ಗಾಳಿಗೆ ಕೂತ್ಕಳವಾ” ಅಂದರೆ ಬಿಸಿ ಇಳಿಯುತ್ತದೆ. ಲಾಸ್ಟ್ ಆರ್ಡರ್ ಕೂಗುವುದು ಶಟರ್ ಎಳೆಯುವ ಹತ್ತು ನಿಮಿಷಕ್ಕೆ ಮುಂಚೆ ಅಲ್ಲ, ಮುಕ್ಕಾಲು ಗಂಟೆ ಮುಂಚೆ. ಅವಸರಕ್ಕೆ ರಾ ಎತ್ತುವುದು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ. ಆ ಹೊತ್ತಿಗೆ ಒಬ್ಬರಿಗೆ 30 ಮಿಲಿ ಮೀರಬಾರದು ಅಂತ ಮಾಲೀಕರು ನಿಯಮ ಮಾಡಿಕೊಂಡರೆ ಒಂದು ರಾತ್ರಿಗೆ ಕಳೆದುಕೊಳ್ಳುವುದು ಕೆಲವು ನೂರು ರೂಪಾಯಿ.

ಬೈಕ್ ಕೀ ವಿಷಯ. ಖಾಲಿ ಹೊಟ್ಟೆಯ ಅರವತ್ತು ಕೆಜಿಯವನು ಒಂದೇ 60 ಮಿಲಿಯಲ್ಲಿ 30ರ ಮಿತಿ ದಾಟಬಲ್ಲ. ಸಿಕ್ಕಿಬಿದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊಗೆ ಪ್ರವೇಶವಿಲ್ಲ. ಉಳಿದದ್ದು ಸರ್ವಿಸ್ ರಸ್ತೆ, ಇಲ್ಲವೇ ಪೊಲೀಸರ ಕಣ್ಣು ತಪ್ಪಿಸಿ ಹೋಗುವ ನಾಲೆ ಏರಿ. ಕತ್ತಲಲ್ಲಿ ಅಮಲಿನವನು ನಾಲೆ ಏರಿ ಮೇಲೆ ಬೈಕ್ ಓಡಿಸುವುದೆಂದರೆ ಏನು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೀಯನ್ನು ಅಮಲೇರಿದ ಮೇಲೆ ಕಸಿಯಲು ಹೋದರೆ ಕೈಕೈ ಮಿಲಾಯಿಸುತ್ತದೆ. ಎರಡನೇ ಆರ್ಡರಿನ ಹೊತ್ತಿಗೇ “ಗಾಡಿ ಇಲ್ಲೇ ಇರ್ಲಿ ಅಣ್ಣ, ಬೆಳಿಗ್ಗೆ ತಗೊಂಡೋಗಿ, ಆಟೊ ಹೇಳ್ತೀವಿ” ಅಂದು ಕೌಂಟರಿನಲ್ಲಿ ಚೀಟಿ ಕಟ್ಟಿ ಇಟ್ಟುಕೊಳ್ಳಿ. ಆಟೊ ಹತ್ತಿಸುವ ಮುಂಚೆ ಮನೆಗೆ ಫೋನ್ ಮಾಡಿ, ಎಷ್ಟೊತ್ತಿಗೆ ಹೊರಟ ಅಂತ ಹೇಳಿ. ಏಳಲಾಗದವನನ್ನು ಮಾತ್ರ ಆಟೊಗೆ ಹಾಕಬೇಡಿ, ಅವನು ಹೋಗಬೇಕಾದ್ದು ಆಸ್ಪತ್ರೆಗೆ.

108ಕ್ಕೆ ಫೋನ್ ಮಾಡಿದಾಗ “ಒಬ್ರು ಕುಡ್ದು ಬಿದ್ದವ್ರೆ” ಅನ್ನಬೇಡಿ. “ಪ್ರಜ್ಞೆ ಇಲ್ಲ, ಕೂಗಿದರೂ ಹಿಂಡಿದರೂ ಏಳ್ತಿಲ್ಲ, ನಿಮಿಷಕ್ಕೆ ಇಷ್ಟು ಉಸಿರು” ಅನ್ನಿ, ಹತ್ತಿರದ ಗುರುತು ಹೇಳಿ, ಒಬ್ಬರು ರಸ್ತೆಗೆ ಹೋಗಿ ನಿಲ್ಲಿ. ಪೊಲೀಸ್ ಕೇಸಾಗುತ್ತೆ ಅನ್ನುವ ಭಯಕ್ಕೇ ಜನ ಶೆಡ್ಡಿಗೆ ಎತ್ತಿ ಹಾಕುವುದು. ಆದರೆ ಆಸ್ಪತ್ರೆಗೆ ಸೇರಿಸಿದವನ ಮೇಲಿನ ವಿಚಾರಣೆಗಿಂತ, ನಿಮ್ಮ ಪಾರ್ಕಿಂಗಿನಲ್ಲಿ ಸತ್ತು ಸಿಕ್ಕವನ ಮೇಲಿನ ವಿಚಾರಣೆ ಎಷ್ಟು ಪಟ್ಟು ದೊಡ್ಡದು ಅಂತ ಯೋಚಿಸಿ.

ಮತ್ತೆ, ಆಂಬುಲೆನ್ಸಿನ ಜೊತೆ ಬಿಲ್ಲಿನ ಒಂದು ಪ್ರತಿ ಕಳಿಸಿ. ಏನು, ಎಷ್ಟು ಮಿಲಿ, ಕೊನೆಯದು ಎಷ್ಟೊತ್ತಿಗೆ ಕೊಟ್ಟದ್ದು ಅನ್ನುವುದನ್ನು ಹಿಂದೆ ಪೆನ್ನಿನಲ್ಲಿ ಬರೆಯಿರಿ. ಬಿದ್ದಿದ್ದರೆ, ಮಾತ್ರೆ ತಗೊಂಡದ್ದು ಗೊತ್ತಿದ್ದರೆ ಅದನ್ನೂ. ಆ ರಾತ್ರಿ ಡಾಕ್ಟರು ಗೆಳೆಯರಿಗೆ ಫೋನ್ ಮಾಡಿಸಿ ಕೇಳಿದಾಗ ಅವರು ಹೆದರಿ ಹೇಳಿದ್ದು “ಎರಡು ಬಿಯರ್ ಅಷ್ಟೇ ಸಾ” ಅಂತ. ಎರಡು ಬಿಯರಿಗೆ ಈ ಸ್ಥಿತಿ ಬರುವುದಿಲ್ಲವಲ್ಲ ಅಂತ ತಲೆಗೆ ಸ್ಕ್ಯಾನ್ ಮಾಡಿಸಿ, ವಿಷ ಕುಡಿದಿದ್ದಾನಾ ಅಂತ ಹುಡುಕಿ, ಅದರಲ್ಲೇ ಹೊತ್ತು ಹೋಯಿತು. ಎರಡು ನೈಂಟಿ ಬರೆದಿದ್ದ ಬಿಲ್ಲು ಬೆಳಿಗ್ಗೆ ಹತ್ತರವರೆಗೂ ಬೀಗ ಹಾಕಿದ ಗಲ್ಲಾಪೆಟ್ಟಿಗೆಯಲ್ಲೇ ಇತ್ತು.