ಕತ್ತಿನ ಡಿಸ್ಕ್ ಆಪರೇಷನ್: ಫ್ಯೂಷನ್ನಾ, ಆರ್ಟಿಫಿಶಿಯಲ್ ಡಿಸ್ಕಾ?

ಕೈಗೆ ಇಳಿಯೋ ನೋವು ಅಷ್ಟೇ ಇದ್ರೆ ಅವಸರ ಬೇಡ, ಬಹಳ ಜನಕ್ಕೆ ಮಾತ್ರೆ, ಫಿಸಿಯೋಥೆರಪಿಲೇ ಕೆಲವು ವಾರದಲ್ಲಿ ಕಮ್ಮಿ ಆಗುತ್ತೆ. ಆದ್ರೆ ಶರ್ಟ್ ಗುಂಡಿ ಹಾಕೋಕೆ ಬೆರಳು ತಡವರಿಸ್ತಿದೆ, ನಡೆಯುವಾಗ ಕಾಲು ತೂರಾಡ್ತಿದೆ ಅಂದ್ರೆ ಸ್ಪೈನಲ್ ಕಾರ್ಡ್ (ಬೆನ್ನುಹುರಿ) ಮೇಲೆ ಒತ್ತಡ ಬಿದ್ದಿರಬಹುದು, ದಯವಿಟ್ಟು ಕಾಯಬೇಡಿ.

ಫ್ಯೂಷನ್, ಆರ್ಟಿಫಿಶಿಯಲ್ ಡಿಸ್ಕ್ ಎರಡರಲ್ಲೂ ಕತ್ತಿನ ಮುಂಭಾಗದಿಂದಲೇ ಹೋಗಿ ಹಾಳಾದ ಡಿಸ್ಕ್ (ಕತ್ತಿನ ಮೂಳೆಗಳ ನಡುವಿನ ಮೆತ್ತೆ) ತೆಗೀತಾರೆ, ಹಾಗಾಗಿ ಸ್ವಲ್ಪ ದಿನ ನುಂಗೋಕೆ ಕಷ್ಟ, ಧ್ವನಿ ಒರಟಾಗೋದು ಎರಡರಲ್ಲೂ ಆಗಬಹುದು. ಫ್ಯೂಷನ್ 1950ರ ದಶಕದಿಂದ ಇರೋದು, ಡಿಸ್ಕ್ ಜಾಗಕ್ಕೆ ಮೂಳೆ ಚೂರು ಅಥವಾ ಕೇಜ್ (ಪಂಜರದಂಥ ಸಣ್ಣ ಚೌಕಟ್ಟು) ಇಟ್ಟು, ಹೆಚ್ಚಾಗಿ ಪ್ಲೇಟು ಸ್ಕ್ರೂ ಹಾಕಿ, ಎರಡು ಮೂಳೆ ಒಂದಾಗೋ ಹಾಗೆ ಮಾಡ್ತಾರೆ, ಅದಕ್ಕೆ ತಿಂಗಳುಗಳೇ ಬೇಕು, ಸಿಗರೇಟ್ ಸೇದೋರಿಗೆ ಕೂಡೋದು ಇನ್ನೂ ನಿಧಾನ. ಆ ಜಾಗ ಮತ್ತೆ ಅಲ್ಲಾಡಲ್ಲ, ಪಕ್ಕದ ಡಿಸ್ಕ್ ಮೇಲೆ ಭಾರ ಜಾಸ್ತಿ ಅನ್ನೋದೇ ಚಿಂತೆ.

ಆರ್ಟಿಫಿಶಿಯಲ್ ಡಿಸ್ಕಲ್ಲಿ ಅಲ್ಲಾಟ ಉಳಿಯುತ್ತೆ. ಅಮೆರಿಕದಲ್ಲಿ 2007ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು. ವಯಸ್ಸು ಕಮ್ಮಿ, ಒಂದೆರಡೇ ಡಿಸ್ಕ್ ಹಾಳಾಗಿದೆ, ಕತ್ತಿನ ಮೂಳೆಗಳ ಹಿಂಭಾಗದ ಕೀಲು ಚೆನ್ನಾಗಿದೆ ಅಂದ್ರೆ ನನ್ನ ಒಲವು ಇದಕ್ಕೇ. ಮೂಳೆ ಸವೆದಿದ್ರೆ, ಕೀಲು ಸವೆದಿದ್ರೆ, ಕತ್ತಿನ ಮೂಳೆ ಜರುಗ್ತಿದ್ರೆ ಫ್ಯೂಷನ್ನೇ ಸರಿ.

ಡಿಸ್ಕ್ ಪಕ್ಕಕ್ಕೆ ಉಬ್ಬಿ ಒಂದೇ ನರ ಒತ್ತಿದ್ರೆ ಕತ್ತಿನ ಹಿಂದಿನಿಂದ ಮಾಡೋ ಫೊರಾಮಿನಾಟಮಿನೂ (ನರ ಹೊರಬರೋ ಕಿಂಡಿ ಅಗಲ ಮಾಡೋ ಆಪರೇಷನ್) ಇದೆ, ಇಂಪ್ಲಾಂಟೇ ಬೇಡ, ಅದನ್ನೂ ಡಾಕ್ಟ್ರನ್ನ ಕೇಳಿ.